ಕಾಯಿಲೋವರ್ ಹಾಕಿಸಿದ ಮೇಲೆ ಟ್ರ್ಯಾಕಲ್ಲಿ ಕಾರು ಮಾತು ಕೇಳ್ತಿಲ್ವಾ? ಎಲ್ಲಿಂದ ಹುಡುಕಬೇಕು

ಬೆಂಗಳೂರಿನಿಂದ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಇರುಂಗಾಟ್ಟುಕೊಟ್ಟೈನ ಮದ್ರಾಸ್ ಸರ್ಕ್ಯೂಟಿಗೋ ಹೋಗುವವರ ಕಾರುಗಳನ್ನು ನೋಡಿದರೆ ಹೆಚ್ಚಿನವು ಪೋಲೋ ಜಿಟಿ, ಆಕ್ಟೇವಿಯಾ ವಿಆರ್‌ಎಸ್, ಸ್ವಿಫ್ಟ್, ಹೋಂಡಾ ಸಿಟಿ. ಮಧ್ಯೆ ಒಂದೆರಡು ಬಿಎಂಡಬ್ಲ್ಯು. ಹೊಸದಾಗಿ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್ ಜೋಡಿ), ದಪ್ಪನೆಯ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು), ಕ್ಯಾಂಬರ್ ಪ್ಲೇಟ್ (ಚಕ್ರದ ವಾಲು ಬದಲಿಸುವ ತಟ್ಟೆ) ಎಲ್ಲ ಹಾಕಿಸಿಕೊಂಡು ಬಂದು, ಮೊದಲ ಸೆಷನ್ ಮುಗಿಸಿ ಪಿಟ್‌ಗೆ ಬಂದವರ ಮುಖ ನೋಡಬೇಕು. "ಸ್ಟಾಕ್ ಇದ್ದಾಗಲೇ ಚೆನ್ನಾಗಿತ್ತು ಗುರು" ಅನ್ನುತ್ತಾರೆ, ಅಂದರೆ ಕಂಪನಿ ಸಾಮಾನು ಇದ್ದಾಗ.

ಅದು ಸುಳ್ಳೂ ಅಲ್ಲ. ಆದರೆ ತಪ್ಪು ದುಬಾರಿ ಪಾರ್ಟಿನಲ್ಲಿ ಇರುವುದು ಕಡಿಮೆ. ಟೈರ್ ಗಾಳಿ, ಸಡಿಲ ಬೋಲ್ಟ್, ಅತಿಯಾಗಿ ಇಳಿಸಿದ ಎತ್ತರ, ಮಾಡಿಸದ ಅಲೈನ್‌ಮೆಂಟ್, ಈ ನಾಲ್ಕರಲ್ಲೇ ಮುಕ್ಕಾಲು ದೂರುಗಳು ಮುಗಿಯುತ್ತವೆ. ಹಾಗಾಗಿ ಹುಡುಕುವುದೂ ಅದೇ ಕ್ರಮದಲ್ಲಿ. ಡ್ಯಾಂಪರ್ ಕ್ಲಿಕ್‌ಗಳನ್ನು (ಗಟ್ಟಿ, ಮೆತ್ತಗೆ ಮಾಡುವ ನಾಬಿನ ಹಂತಗಳು) ಕೊನೆಗೆ ಮುಟ್ಟಿ, ಸ್ಪ್ರಿಂಗ್ ಬದಲಾಯಿಸುವ ಮಾತು ಅದಕ್ಕೂ ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರಿ ಅಂತ ಬರೆದಿಡಿ. ಎರಡು ಒಟ್ಟಿಗೆ ಬದಲಾಯಿಸಿದರೆ ಕೆಲಸ ಮಾಡಿದ್ದು ಯಾವುದು ಅಂತ ಯಾವತ್ತೂ ಗೊತ್ತಾಗಲ್ಲ.

ಕಾರಿನ ಕೆಳಗೆ ಹೋಗುವ ಮುಂಚೆ ಎರಡು ಮಾತು. ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ, ಸ್ಟ್ಯಾಂಡ್ ಇಡಿ. ಸ್ಟ್ರಟ್ (ಮುಂದಿನ ಚಕ್ರದ ಸ್ಪ್ರಿಂಗ್, ಡ್ಯಾಂಪರ್ ಕೂಡಿದ ಕಂಬ) ಮೇಲಿನ ನಡುವಿನ ನಟ್ಟು ಬಿಚ್ಚಿ ಸ್ಪ್ರಿಂಗ್ ತೆಗೆಯುವ ಕೆಲಸ ಮನೆಯಲ್ಲಿ ಬೇಡವೇ ಬೇಡ. ಒತ್ತಿ ಹಿಡಿದ ಸ್ಪ್ರಿಂಗ್ ಕೈಜಾರಿದರೆ ಮೂಳೆ ಮುರಿಯುವುದು ಸಣ್ಣ ಮಾತು.

ಹಂಪ್ ಮೇಲೆ, ತಿರುವಲ್ಲಿ ಟಕ್ ಟಕ್ ಸದ್ದು

ಎಲ್ಲರೂ ಮೊದಲು ಹೇಳುವ ದೂರು ಇದು. ಸದ್ದು ಯಾವಾಗ ಬರುತ್ತದೆ ಅನ್ನುವುದೇ ಅರ್ಧ ಉತ್ತರ.

ಪಾರ್ಕಿಂಗ್‌ನಲ್ಲಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ "ಟೊಯ್ಯ್" ಅಂತ ಸ್ಪ್ರಿಂಗ್ ಬಿಟ್ಟಂಥ ಸದ್ದು ಬಂದರೆ, ಸ್ಪ್ರಿಂಗ್ ತಿರುಚಿಕೊಂಡು ಒಮ್ಮೆಲೇ ಜಾರುತ್ತಿದೆ. ಸ್ಟ್ರಟ್ ಮೇಲಿನ ಬೇರಿಂಗ್ ಸರಿಯಾಗಿ ಕೂತಿಲ್ಲ ಅಥವಾ ಸವೆದಿದೆ. ಬಾನೆಟ್ ಎತ್ತಿ ಸ್ಟ್ರಟ್ ತಲೆಯ ಮೇಲೆ ಅಂಗೈ ಇಟ್ಟುಕೊಳ್ಳಿ, ಜೊತೆಗಿರುವವರು ನಿಧಾನವಾಗಿ ಸ್ಟಿಯರಿಂಗ್ ತಿರುಗಿಸಲಿ. ಏಟು ಕೈಗೇ ತಿಳಿಯುತ್ತದೆ. ಸ್ಪ್ರಿಂಗ್ ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬೇಡಿ.

ಸಣ್ಣ ಗುಂಡಿಗಳ ಮೇಲೆ ಒಂದೇ ಸಮನೆ ಕಟಕಟ ಅಂದರೆ ಮೊದಲ ಅನುಮಾನ ಆಂಟಿ ರೋಲ್ ಬಾರನ್ನು ಸ್ಟ್ರಟ್‌ಗೆ ಜೋಡಿಸುವ ಲಿಂಕ್ ರಾಡ್. ಕಾರು ಕೆಳಗಿಳಿದಾಗ ಹಳೇ ಉದ್ದದ ಲಿಂಕ್ ವಿಚಿತ್ರ ಕೋನದಲ್ಲಿ ನಿಂತು ಸ್ಟ್ರಟ್‌ಗೋ ಡ್ರೈವ್ ಶಾಫ್ಟ್‌ಗೋ ತಾಗುತ್ತದೆ. ಪರೀಕ್ಷೆಗೆ ದುಡ್ಡು ಬೇಡ. ಎರಡೂ ಕಡೆಯ ಲಿಂಕ್ ಬಿಚ್ಚಿ, ಬಾರ್ ಎಲ್ಲೂ ತಗಲದಂತೆ ಕಟ್ಟಿ, ಮನೆ ಮುಂದಿನ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿಬನ್ನಿ. ಸದ್ದು ಮಾಯವಾದರೆ ಕಳ್ಳ ಸಿಕ್ಕ. ಒಂದೇ ಕಡೆ ಬಿಚ್ಚಬೇಡಿ, ಹಾಗೆ ಬಿಚ್ಚಿಟ್ಟು ಜೋರಾಗಿಯೂ ಓಡಿಸಬೇಡಿ.

ಇನ್ನು ಕಾಯಿಲೋವರಿನ ಲಾಕ್ ರಿಂಗ್. ಸ್ಪ್ರಿಂಗ್ ಕೂರುವ ಬಟ್ಟಲಿನ ಕೆಳಗಿನ ರಿಂಗ್ ಬಿಗಿಯಾಗಿಲ್ಲದಿದ್ದರೆ ತಾನಾಗಿ ತಿರುಗಿ ಇಳಿಯುತ್ತದೆ. ಸದ್ದಿನ ಜೊತೆ ಆ ಮೂಲೆಯ ಎತ್ತರವೂ ಬದಲಾಗಿರುತ್ತದೆ. ಬಿಗಿ ಮಾಡಿ ರಿಂಗಿನಿಂದ ಕಾಯಿಲೋವರಿನ ಮೈವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದರೆ ಮುಂದಿನ ಸಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪೋಲೋ, ಆಕ್ಟೇವಿಯಾದವರು ಇದನ್ನು ವಿಶೇಷವಾಗಿ ನೋಡಿ. ಇವುಗಳಲ್ಲಿ ಸ್ಟ್ರಟ್ ಅನ್ನು ಎರಡು ಬೋಲ್ಟ್ ಹಾಕಿ ನಕಲ್‌ಗೆ (ಚಕ್ರ ಕೂರುವ ಲೋಹದ ತುಂಡು) ಕಟ್ಟುವುದಿಲ್ಲ. ನಕಲ್‌ನಲ್ಲೇ ಒಂದು ಸೀಳು ಇರುತ್ತದೆ, ಸ್ಟ್ರಟ್ ಅದರೊಳಗೆ ಇಳಿದು ಕೂರುತ್ತದೆ, ಅಡ್ಡಲಾಗಿ ಒಂದು ಬೋಲ್ಟ್ ಅದನ್ನು ಹಿಂಡಿ ಹಿಡಿಯುತ್ತದೆ. ಅವಸರದಲ್ಲಿ ಕೆಲಸ ಮಾಡಿದವರು ಸ್ಟ್ರಟ್ ಅನ್ನು ಪೂರ್ತಿ ಕೆಳಗೆ ಕೂರಿಸದೆ ಬೋಲ್ಟ್ ಬಿಗಿದಿರುತ್ತಾರೆ. ಊರಲ್ಲಿ ಏನೂ ಆಗಲ್ಲ. ಟ್ರ್ಯಾಕಿನಲ್ಲಿ ಕರ್ಬ್ (ಅಂಚಿನ ಉಬ್ಬು) ಹತ್ತಿ ಇಳಿದಾಗ ಅದು ನಾಲ್ಕೈದು ಮಿ.ಮೀ. ಒಳಗೆ ಜಾರುತ್ತದೆ, ಒಂದು ದೊಡ್ಡ "ಟಕ್", ಆಮೇಲೆ ಆ ಕಡೆ ಕಾರು ಸ್ವಲ್ಪ ತಗ್ಗು, ಸ್ಟಿಯರಿಂಗ್ ಸ್ವಲ್ಪ ಓರೆ. ಚಕ್ರ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಸ್ಟ್ರಟ್ ಮೈಮೇಲೆ ಹೊಳೆಯುವ ಹೊಸ ಗೀರು ಕಾಣುತ್ತದೆ. ಆ ಬೋಲ್ಟ್ ಒಂದೇ ಸಲ ಬಳಸುವಂಥದ್ದು: ಇಷ್ಟು ಟಾರ್ಕ್, ಅದರ ಮೇಲೆ ಇಷ್ಟು ಡಿಗ್ರಿ ಅಂತ ಲೆಕ್ಕ ಇರುತ್ತದೆ. ಹಳೇದನ್ನೇ ಮತ್ತೆ ಹಾಕಿದ್ದರೆ ಹೊಸದು ತರಿಸಿ, ಅದಕ್ಕೇನು ಲಕ್ಷ ಆಗಲ್ಲ.

ಹಂಪ್ ಮೇಲೆ ಕಿರ್ ಕಿರ್ ಅನ್ನುವ ಸದ್ದು ಬೇರೆ ಕತೆ. ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಕಾರಿಗೆ ಕಟ್ಟುವ ತೋಳು) ರಬ್ಬರ್ ಬುಶ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಲಿಫ್ಟ್ ಮೇಲೆ ಚಕ್ರ ಜೋತುಬಿದ್ದಾಗಲೇ ಆ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಬುಶ್ ತಿರುಚಿಕೊಂಡೇ ಇರುತ್ತದೆ. ಸದ್ದು ಬರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಸ್ಥಿತಿಯಲ್ಲಿ ಮತ್ತೆ ಬಿಗಿಸಿ. ಖರ್ಚು ಅರ್ಧ ಗಂಟೆಯ ಕೂಲಿ.

ಸ್ಟಿಯರಿಂಗ್ ಓರೆ, ಕಾರು ಒಂದು ಕಡೆ ಎಳೆಯುತ್ತದೆ

ಮೊದಲು ನಾಲ್ಕೂ ಟೈರಿನ ಗಾಳಿ. ಸರಿ ಇದ್ದರೆ ಮುಂದಿನ ಎರಡು ಚಕ್ರಗಳನ್ನು ಎಡಕ್ಕೆ ಬಲ, ಬಲಕ್ಕೆ ಎಡ ಮಾಡಿ ಹಾಕಿ. ಒಂದೇ ದಿಕ್ಕಿಗೆ ತಿರುಗಬೇಕು ಅಂತ ಬಾಣದ ಗುರುತು ಇರುವ ಟೈರ್ ಆದರೆ ಇದು ಬೇಡ. ಎಳೆತ ಆ ಕಡೆಯಿಂದ ಈ ಕಡೆಗೆ ಬಂದರೆ ದೋಷ ಟೈರಿನದು, ಸಸ್ಪೆನ್ಷನ್ ಮುಟ್ಟಬೇಡಿ.

ಬದಲಾಗದಿದ್ದರೆ ಟೇಪ್ ತಗೊಳ್ಳಿ. ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ನೆಲ ನಿಜವಾಗಿ ಸಮವಾಗಿರಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ಮೋಸ ಹೋಗಬೇಡಿ. ಎಡ ಬಲಕ್ಕೆ 5 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿಮಾಡಿ.

ಆಮೇಲೆ ಅಲೈನ್‌ಮೆಂಟ್. ಕ್ರಮ ಮುಖ್ಯ: ಮೊದಲು ಎತ್ತರ, ನಂತರ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕೊನೆಗೆ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು). ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗಿಯೇ ಆಗುತ್ತದೆ. ನಮ್ಮಲ್ಲಿ ಎಷ್ಟೋ ಅಂಗಡಿಗಳಲ್ಲಿ ಟೋ ಮಾತ್ರ ನೋಡಿ, ಸ್ಕ್ರೀನ್ ಹಸಿರಾದ ಕೂಡಲೇ "ಆಯ್ತು ಸಾರ್" ಅಂತಾರೆ. ಸ್ಕ್ರೀನ್ ಹಸಿರು ಅಂದರೆ ಕಂಪನಿ ಕೊಟ್ಟ ಲೆಕ್ಕಕ್ಕೆ ಸರಿ ಅಂತ ಅಷ್ಟೇ. ನಿಮಗೆ ಬೇಕಾದ ಅಂಕಿ ಬೇರೆ, ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕ ಇರಲಿ, ಟ್ಯಾಂಕ್ ಅರ್ಧ ಇರಲಿ, ಮುಂಚಿನ ಮತ್ತು ಆಮೇಲಿನ ಎರಡೂ ಪ್ರಿಂಟ್ ಕೇಳಿ ತಗೊಳ್ಳಿ. ಪೋಲೋ ಥರ ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ) ಇರುವ ಕಾರುಗಳಲ್ಲಿ ಹಿಂದಿನ ಚಕ್ರ ಹೊಂದಿಸಲು ಬೋಲ್ಟೇ ಇಲ್ಲ, ಶಿಮ್ (ತೆಳು ತಗಡು) ಹಾಕಬೇಕು. ಅಲ್ಲಿ ಅಂಕಿ ತೀರಾ ಓರೆ ಬಂದರೆ ಬೀಮ್ ಬಾಗಿರಬಹುದು.

ಬ್ರೇಕ್ ಹಿಡಿದಾಗ ಮಾತ್ರ ಎಳೆಯುತ್ತದಾ? ಹಾಗಾದರೆ ಓಡಿಸುವುದನ್ನು ನಿಲ್ಲಿಸಿ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಅಂಟಿಕೊಂಡಿರಬಹುದು, ಸ್ಟ್ರಟ್ ಬದಲಾಯಿಸುವಾಗ ಬ್ರೇಕ್ ಹೋಸ್ ತಿರುಚಿ ಕಟ್ಟಿರಬಹುದು.

ಮುಂಭಾಗ ತಿರುಗುತ್ತಿಲ್ಲ, ನೇರಕ್ಕೇ ಹೋಗುತ್ತದೆ

ಅಂಡರ್‌ಸ್ಟಿಯರ್. ಫ್ರಂಟ್ ವೀಲ್ ಡ್ರೈವ್ ಕಾರಿನವರ ನಿತ್ಯದ ಗೋಳು. ಇದಕ್ಕೆ ಜನ ನೇರವಾಗಿ ಗಟ್ಟಿ ಸ್ಪ್ರಿಂಗ್ ಹುಡುಕುತ್ತಾರೆ. ಅದಕ್ಕೂ ಮುಂಚೆ ಟೈರ್ ಏನು ಹೇಳುತ್ತಿದೆ ಓದಿ.

ಸೆಷನ್ ಮುಗಿಸಿ ಪಿಟ್‌ಗೆ ಬಂದ ತಕ್ಷಣ, ಬಿಸಿ ಇರುವಾಗಲೇ ಗಾಳಿ ಅಳೆಯಿರಿ. ಟ್ರ್ಯಾಕಿನಲ್ಲಿ ಒತ್ತಡ 4ರಿಂದ 8 ಪಿಎಸ್‌ಐ ಏರುವುದು ಸಾಮಾನ್ಯ. ಬೆಳಗ್ಗೆ ತಣ್ಣಗಿದ್ದಾಗ 34 ತುಂಬಿಸಿದ್ದರೆ ಈಗ 40ರ ಹತ್ತಿರ ಇರುತ್ತದೆ, ಟೈರ್ ನಡುಭಾಗದಲ್ಲಿ ಉಬ್ಬಿ ಹಿಡಿತ ಬಿಡುತ್ತದೆ. ರಸ್ತೆ ಟೈರ್ ಹಾಕಿದ ಇಂಥ ಕಾರುಗಳಿಗೆ ಬಿಸಿಯಲ್ಲಿ 34ರಿಂದ 36 ಒಳ್ಳೆಯ ಶುರು. ಟೈರ್ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಸಂಜೆ ಮನೆಗೆ ಹೊರಡುವ ಮುಂಚೆ ಮತ್ತೆ ಗಾಳಿ ತುಂಬಿಸಿ! ಬಿಸಿಯಲ್ಲಿ ಬಿಟ್ಟ ಗಾಳಿ ತಣ್ಣಗಾದ ಮೇಲೆ 26, 27ಕ್ಕೆ ಬಂದಿರುತ್ತದೆ. ಆ ಟೈರಿನಲ್ಲಿ ಹೈವೇಲಿ ನೂರು ಹೋಗುವುದು ಹುಚ್ಚುತನ.

ಗಾಳಿ ಸರಿ ಇದೆ, ಆದರೂ ತಿರುಗಲ್ಲ ಅಂದರೆ ಮುಂದಿನ ಟೈರಿನ ಹೊರ ಭುಜ ನೋಡಿ. ಅಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸವೆತ ಅದನ್ನು ದಾಟಿ ಕೆಳಗೆ ಹೋಗಿದ್ದರೆ, ರಬ್ಬರ್ ಎಳೆ ಎಳೆಯಾಗಿ ಸುರುಳಿ ಸುತ್ತಿದ್ದರೆ, ತಿರುವಿನಲ್ಲಿ ಟೈರ್ ಮಗುಚಿ ಭುಜದ ಮೇಲೆ ಓಡುತ್ತಿದೆ ಅಂತ ಅರ್ಥ. ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿರುವುದು) ಸಾಲದು. ಕಂಪನಿಯಿಂದ ಬರುವಾಗ ಮುಂದೆ ಸಾಮಾನ್ಯವಾಗಿ ಒಂದು ಡಿಗ್ರಿಗಿಂತ ಕಡಿಮೆ ಇರುತ್ತದೆ, ಟ್ರ್ಯಾಕಿಗೆ 2ರಿಂದ 3 ಡಿಗ್ರಿ ಬೇಕು. ಸ್ವಿಫ್ಟ್, ಸಿಟಿಯಂಥ ಎರಡು ಬೋಲ್ಟಿನ ನಕಲ್ ಇದ್ದರೆ ಕ್ಯಾಂಬರ್ ಬೋಲ್ಟಿನಲ್ಲೇ ಒಂದು ಡಿಗ್ರಿಗೂ ಮೇಲೆ ಸಿಗುತ್ತದೆ, ಅಗ್ಗ. ಪೋಲೋ, ಆಕ್ಟೇವಿಯಾಕ್ಕೆ ಅದು ಆಗಲ್ಲ, ಮೇಲಿನ ಕ್ಯಾಂಬರ್ ಪ್ಲೇಟೇ ಬೇಕು.

ಟೈರಿನ ಶಾಖ ಅಳೆಯುವ ಚುಚ್ಚುಗಡ್ಡಿ ಸಿಕ್ಕರೆ ಇನ್ನೂ ಸ್ಪಷ್ಟ. ಒಳಗೆ, ನಡುವೆ, ಹೊರಗೆ ಮೂರು ಕಡೆ. ಹೊರಗೆ ಜಾಸ್ತಿ ಬಿಸಿ ಅಂದರೆ ಕ್ಯಾಂಬರ್ ಕಡಿಮೆ, ನಡುವೆ ಜಾಸ್ತಿ ಅಂದರೆ ಗಾಳಿ ಹೆಚ್ಚು. ಒಳಗೆ ಸ್ವಲ್ಪ ಬಿಸಿ ಇರುವುದು ಒಳ್ಳೇದೇ. ನಿಧಾನವಾಗಿ ಒಂದು ಲ್ಯಾಪ್ ಹಾಕಿ ತಣಿಸಿಕೊಂಡು ಬಂದು ಅಳೆದರೆ ಪ್ರಯೋಜನವಿಲ್ಲ, ಅಂಗಡಿಯ ಲೇಸರ್ ಗನ್ ಬರೀ ಮೇಲ್ಮೈ ತೋರಿಸುತ್ತದೆ.

ಈಗ ಎತ್ತರಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕಂದರೆ ಅತಿ ಹೆಚ್ಚು ಕಾರು ಕೆಡುವುದು ಇಲ್ಲೇ. ಕಾರು ಸಮ ನೆಲದ ಮೇಲೆ ನಿಂತಿರುವಾಗ ಬಗ್ಗಿ ಮುಂದಿನ ಲೋವರ್ ಆರ್ಮ್ ನೋಡಿ. ಅದು ಅಡ್ಡಕ್ಕೆ ನೇರ ಇರಬೇಕು ಅಥವಾ ಚಕ್ರದ ಕಡೆಯ ತುದಿ ಒಂಚೂರು ಕೆಳಗಿರಬೇಕು. ಚಕ್ರದ ಕಡೆಯ ತುದಿ ಮೇಲಕ್ಕೆ ಹೋಗಿದ್ದರೆ ಕಾರು ಅತಿಯಾಗಿ ಇಳಿದಿದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರಿನಲ್ಲಿ ಬಾಡಿ 40 ಮಿ.ಮೀ. ಇಳಿದರೆ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಅದಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಭಾರದ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಹೆಚ್ಚಾದಷ್ಟೂ ತಿರುವಿನಲ್ಲಿ ಬಾಡಿಯನ್ನು ವಾಲಿಸುವ ಸನ್ನೆಗೋಲು ಉದ್ದವಾಗುತ್ತದೆ. ಅಂದರೆ ನೋಡಲು ನೆಲಕ್ಕಂಟಿದ ಕಾರು, ಆದರೆ ವಾಲುವ ಒತ್ತಡ ಮೊದಲಿಗಿಂತ ಜಾಸ್ತಿ. ಜೊತೆಗೆ ಚಕ್ರ ಮೇಲೆ ಹೋದಂತೆ ಕ್ಯಾಂಬರ್ ಸಿಗುವ ಬದಲು ಕಳೆದುಹೋಗುತ್ತದೆ. ಫೋಟೋಗೆ ಚೆಂದ, ಲ್ಯಾಪ್ ಟೈಮಿಗೆ ಕೆಟ್ಟದ್ದು.

ಇನ್ನೊಂದು ಸುಲಭ ಪರೀಕ್ಷೆ: ಡ್ಯಾಂಪರಿನ ಹೊಳೆಯುವ ರಾಡ್ ಕಾಣುವಂತಿದ್ದರೆ ಅದಕ್ಕೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ, ಕೆಳಗೆ ಡ್ಯಾಂಪರ್ ಬಾಯಿಗೆ ತಾಗುವಂತೆ ಇಳಿಸಿಡಿ. ಸೆಷನ್ ಆದ ಮೇಲೆ ಅದು ಎಲ್ಲಿಗೆ ಏರಿದೆ ನೋಡಿ. ಬಂಪ್ ಸ್ಟಾಪ್‌ಗೆ (ಕೊನೆಯಲ್ಲಿ ತಡೆಯುವ ರಬ್ಬರ್) ಒತ್ತಿಕೊಂಡು ನಿಂತಿದ್ದರೆ ತಿರುವಿನ ಮಧ್ಯೆ ಸಸ್ಪೆನ್ಷನ್ ಮುಗಿದೇ ಹೋಗಿದೆ. ಆ ಕ್ಷಣ ಆ ಮೂಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಟೈರ್ ಜಾರುತ್ತದೆ. "ಶುರುವಿನಲ್ಲಿ ತಿರುಗುತ್ತದೆ, ಮಧ್ಯದಲ್ಲಿ ಒಮ್ಮೆಲೇ ಬಿಡುತ್ತದೆ" ಅನ್ನುವವರಿಗೆ ಬಹುತೇಕ ಇದೇ ಕಾರಣ. ಮೊದಲು 10 ಮಿ.ಮೀ. ಎತ್ತರಿಸಿ ನೋಡಿ, ದುಡ್ಡಿಲ್ಲದ ರಿಪೇರಿ. ಸ್ಪ್ರಿಂಗ್ ಬಟ್ಟಲನ್ನು ತಿರುಗಿಸಿ ಒತ್ತಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಒಂದು ನಂಬಿಕೆ ಓಡಾಡುತ್ತಿದೆ. ಇಲ್ಲ. 6 ಕೆಜಿಯ ಸ್ಪ್ರಿಂಗ್ ಎಷ್ಟು ತಿರುಗಿಸಿದರೂ ಪ್ರತಿ ಮಿ.ಮೀ.ಗೆ 6 ಕೆಜಿಯೇ.

ಇದೆಲ್ಲ ಸರಿ ಇದ್ದು ಇನ್ನೂ ತಿರುಗದಿದ್ದರೆ ಆಗ ಬಾರ್ ಕಡೆ ನೋಡಿ. ಮುಂದಿನ ಬಾರ್ ಮೆತ್ತಗೆ ಮಾಡಿದರೆ ಅಥವಾ ಹಿಂದಿನದನ್ನು ಗಟ್ಟಿ ಮಾಡಿದರೆ ಅಂಡರ್‌ಸ್ಟಿಯರ್ ಕಡಿಮೆಯಾಗುತ್ತದೆ. ಮುಂದಿನ ಬಾರನ್ನೇ ದಪ್ಪ ಮಾಡಿಸಿಕೊಂಡು ಬಂದವರೂ ಇದ್ದಾರೆ, ಅವರ ದೂರಿಗೆ ಬೇರೆ ಕಾರಣ ಹುಡುಕುವುದೇ ಬೇಡ.

ಹಿಂಭಾಗ ಬಿಟ್ಟುಕೊಡುತ್ತದೆ

ಮೊದಲ ಲ್ಯಾಪಿನಲ್ಲಿ ಮಾತ್ರ ಆದರೆ ಅದು ದೋಷವೇ ಅಲ್ಲ. ಫ್ರಂಟ್ ವೀಲ್ ಡ್ರೈವ್‌ನಲ್ಲಿ ಹಿಂದಿನ ಟೈರ್ ಬಿಸಿಯಾಗಲು ಹೆಚ್ಚು ಹೊತ್ತು ಬೇಕು. ಮುಂದಿನದು ಬಿಸಿಯಾಯ್ತು ಅಂತ ಧೈರ್ಯ ಮಾಡಿ ನುಗ್ಗಿದಾಗ ಹಿಂದಿನದು ಇನ್ನೂ ತಣ್ಣಗಿರುತ್ತದೆ. ಕಾಯಿರಿ.

ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಹಿಂಭಾಗ ತಿರುಗಿಬಿಟ್ಟರೆ ಹಿಂದಿನ ಬಾರ್ ಅತಿ ಗಟ್ಟಿ. ಬಾರಿನ ತುದಿಯಲ್ಲಿ ಲಿಂಕ್ ಕಟ್ಟುವ ಜಾಗವನ್ನು ಒಂದು ರಂಧ್ರ ಮೆತ್ತನೆಯ ಕಡೆಗೆ ತನ್ನಿ. ಒಳಗಿನ ಹಿಂದಿನ ಚಕ್ರ ತಿರುವಿನಲ್ಲಿ ಸ್ವಲ್ಪ ಗಾಳಿಯಲ್ಲಿ ತೇಲುವುದು ಇಂಥ ಕಾರುಗಳಲ್ಲಿ ಸಹಜ, ಫೋಟೋ ನೋಡಿ ಗಾಬರಿ ಬೇಡ. ಎಡ ತಿರುವಿನಲ್ಲಿ ಒಂದು ಥರ, ಬಲ ತಿರುವಿನಲ್ಲಿ ಇನ್ನೊಂದು ಥರ ಆಡಿದರೆ ಬಾರ್ ನಿಂತಲ್ಲೇ ತಿರುಚಿಕೊಂಡಿದೆಯಾ ನೋಡಿ: ಕಾರು ನೆಲದ ಮೇಲಿದ್ದು, ನೀವು ಸೀಟಿನಲ್ಲಿ ಕೂತಿರುವಾಗ ಲಿಂಕಿನ ಕೊನೆಯ ಬೋಲ್ಟ್ ಕೈಯಲ್ಲೇ ಸಲೀಸಾಗಿ ಒಳಗೆ ಹೋಗಬೇಕು. ಸುತ್ತಿಗೆ ಬೇಕಾದರೆ ಲಿಂಕಿನ ಉದ್ದ ತಪ್ಪು.

ವೇಗದ ತಿರುವಿನಲ್ಲಿ, ಎಚ್ಚರಿಕೆಯೇ ಕೊಡದೆ ಹಿಂಭಾಗ ಜಾರಿದರೆ ಎರಡು ಅನುಮಾನ. ಹಿಂದಿನ ಬಂಪ್ ಸ್ಟಾಪ್ ತಗಲುತ್ತಿದೆ ಅಥವಾ ಹಿಂದಿನ ಚಕ್ರಗಳು ಟೋ ಔಟ್ (ಮುಂತುದಿ ಹೊರಕ್ಕೆ) ಆಗಿವೆ. ಅಲೈನ್‌ಮೆಂಟ್ ಪ್ರಿಂಟ್ ನೋಡದೆ ಮತ್ತೆ ಟ್ರ್ಯಾಕಿಗೆ ಇಳಿಯಬೇಡಿ. ಮದ್ರಾಸ್ ಸರ್ಕ್ಯೂಟಿನಂಥ 3.7 ಕಿ.ಮೀ. ಟ್ರ್ಯಾಕಿನ ವೇಗ ಕರಿಯ 2.1 ಕಿ.ಮೀ. ಟ್ರ್ಯಾಕಿನ ವೇಗ ಅಲ್ಲ. ಅಲ್ಲಿ ಇದನ್ನು ಕೈಯಲ್ಲಿ ಹಿಡಿದು ಸರಿಮಾಡಿಕೊಳ್ಳುತ್ತೇನೆ ಅನ್ನುವ ಆಟ ಬೇಡ.

ಉಬ್ಬುತಗ್ಗಿನ ಮೇಲೆ ಕುಣಿತ, ಬ್ರೇಕ್ ಹಿಡಿದಾಗ ಅಲೆದಾಟ

ಈಗ ಕ್ಲಿಕ್‌ಗಳನ್ನು ಮುಟ್ಟಬಹುದು. ಮೊದಲು ನಾಲ್ಕೂ ಕಡೆ ಈಗ ಎಷ್ಟಿದೆ ಅಂತ ಪೂರ್ತಿ ಗಟ್ಟಿಯ ತುದಿಯಿಂದ ಎಣಿಸಿ ಬರೆದುಕೊಳ್ಳಿ. ಎಡ ಒಂದು ಅಂಕಿ, ಬಲ ಇನ್ನೊಂದು ಇದ್ದರೆ ಹಾಕಿದವರು ಎಣಿಸಿಯೇ ಇಲ್ಲ.

ಕಾರು ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ಮೇಲೆ ಕೆಳಗೆ ಆಡಿದರೆ ಡ್ಯಾಂಪಿಂಗ್ ಕಡಿಮೆ. ಸಾಲಾಗಿ ಉಬ್ಬುಗಳು ಬಂದಾಗ ಕಾರು ಹೆಜ್ಜೆ ಹೆಜ್ಜೆಗೂ ಕುಸಿದು, ಕೊನೆಗೆ ಟೈರ್ ಟಪಟಪ ಎಗರಿದರೆ ಅದು ಜಾಸ್ತಿ, ಚಕ್ರ ವಾಪಸ್ ಇಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ಒಂದೇ ನಾಬ್ ಇರುವ ಡ್ಯಾಂಪರ್‌ಗಳಲ್ಲಿ ಅದು ಹೆಚ್ಚಾಗಿ ಚಕ್ರ ಇಳಿಯುವ ವೇಗವನ್ನೇ ಬದಲಾಯಿಸುವುದು. ಸಲಕ್ಕೆ ಎರಡು ಮೂರು ಕ್ಲಿಕ್, ಎರಡೂ ಕಡೆ ಸಮ.

ಬ್ರೇಕಿನಲ್ಲಿ ಮುಂಭಾಗ ಆ ಕಡೆ ಈ ಕಡೆ ಹಾವಿನ ಥರ ಹೋದರೆ ಕ್ಲಿಕ್ ಬಿಟ್ಟು ಟೋ ನೋಡಿ, ಮುಂದೆ ಟೋ ಔಟ್ ಅತಿಯಾಗಿದ್ದರೆ ಹೀಗಾಗುತ್ತದೆ. ಅಂಕಿ ಸರಿ ಇದ್ದರೆ ಲೋವರ್ ಆರ್ಮಿನ ಹಿಂದಿನ ಬುಶ್ ಹರಿದಿದೆಯಾ ನೋಡಿ. ಅದೂ ಸರಿ ಇದ್ದರೆ ಬಂಪ್ ಸ್ಟಿಯರ್: ಕಾರು ಇಳಿಸಿದ್ದರಿಂದ, ಸ್ಟಿಯರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡಿನ ಕೋನ ಲೋವರ್ ಆರ್ಮಿನ ಕೋನಕ್ಕೆ ಹೊಂದುತ್ತಿಲ್ಲ, ಚಕ್ರ ಮೇಲೆ ಕೆಳಗೆ ಆದಾಗ ತಾನೇ ತಿರುಗುತ್ತದೆ. ಎತ್ತರಿಸುವುದು ಅಗ್ಗದ ಮದ್ದು. ಉದ್ದ ಬಾಲ್ ಜಾಯಿಂಟಿನ ಕಿಟ್ ದುಬಾರಿ ಮದ್ದು, ಅದನ್ನು ಬಲ್ಲವರಿಗೇ ಬಿಡಿ.

ಟೈರ್ ಉಜ್ಜಿದ ವಾಸನೆ, ಗುರುತು

ಎಲ್ಲಿ ಹೊಳಪು ಬಂದಿದೆ ಹುಡುಕಿ. ಫೆಂಡರ್ ಲೈನರ್ ಆದರೆ ಚಿಂತೆ ಕಡಿಮೆ. ಟೈರಿನ ಒಳಗೋಡೆ ಸ್ಪ್ರಿಂಗ್ ಬಟ್ಟಲಿಗೆ ತಾಗಿ ಗೀರಿದ್ದರೆ ಆ ಟೈರ್ ಮತ್ತೆ ಟ್ರ್ಯಾಕಿಗೆ ಬೇಡ. ಅಲ್ಲಿ ಕನಿಷ್ಠ 5 ಮಿ.ಮೀ. ಜಾಗ ಇರಲಿ. ಸ್ಟಿಯರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ಚಕ್ರ ಜೋತುಬಿಟ್ಟು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಲ್ಲೂ ಬಿಗಿಯಾಗಿಲ್ಲ, ಚಕ್ರಕ್ಕೆ ತಾಗುತ್ತಿಲ್ಲ ಅಂತ ಕಣ್ಣಾರೆ ನೋಡಿ.

ಐದಾರು ಲ್ಯಾಪ್ ಆದ ಮೇಲೆ ಮೆತ್ತಗಾಗುತ್ತದೆ

ಹೆಚ್ಚಾಗಿ ಟೈರ್ ಕಾದಿರುತ್ತದೆ. ಒಂದು ಲ್ಯಾಪ್ ನಿಧಾನ ಹೋಗಿ, ಹಿಡಿತ ವಾಪಸ್ ಬಂದರೆ ಅದೇ. ಬರದೆ ಕಾರು ದೋಣಿಯ ಹಾಗೆ ತೇಲಿದರೆ ಡ್ಯಾಂಪರ್ ಎಣ್ಣೆ ಕಾದಿದೆ ಅಥವಾ ಸೀಲ್ ಹೋಗಿದೆ. ರಾಡಿನ ಮೇಲೆ ತೆಳು ಎಣ್ಣೆ ಪೊರೆ ಸಹಜ. ಎಣ್ಣೆ ಇಳಿದು ಧೂಳು ಮೆತ್ತಿ ಕೆಸರಿನಂತಾಗಿದ್ದರೆ ಅದು ಹೋಯಿತು.

ಯಾವಾಗ ಅಲ್ಲಿಗೇ ನಿಲ್ಲಿಸಬೇಕು

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಆಟ ಇದ್ದರೆ ಟೈ ರಾಡ್ ಎಂಡ್. ಎರಡರಲ್ಲೂ ಆ ದಿನ ಮುಗಿಯಿತು. ತಿರುವಿನಲ್ಲಿ ಜೋರಾಗುವ ಗುಂಯ್ ಸದ್ದು, ಬ್ರೇಕ್ ಹೋಸಿನ ಮೇಲೆ ಗೀರು, ಜಾಗ ತಪ್ಪಿದ ಸ್ಪ್ರಿಂಗ್, ಬಿರುಕು ಬಿಟ್ಟ ಸ್ಟ್ರಟ್ ಮೌಂಟ್, ಇವಕ್ಕೂ ಅದೇ ತೀರ್ಪು. ಕಾರನ್ನು ಟ್ರಕ್ ಮೇಲೆ ಕಳಿಸಿ, ಹೈವೇಯಲ್ಲಿ ಓಡಿಸಿಕೊಂಡು ಬರಬೇಡಿ. ವೀಲ್ ಬೋಲ್ಟ್‌ಗಳನ್ನು ಪ್ರತಿ ಸೆಷನ್ ಆದಮೇಲೆ ತಣ್ಣಗಾದಾಗ ಟಾರ್ಕ್ ರೆಂಚ್‌ನಲ್ಲಿ ನೋಡಿ. ಪೋಲೋಗೆ 120 ನ್ಯೂಟನ್ ಮೀಟರ್, ಬೇರೆ ಕಾರಿಗೆ ಕೈಪಿಡಿ ನೋಡಿ.

ಕಾಗದದ ವಿಷಯವನ್ನೂ ಮರೆಯಬೇಡಿ. ನಮ್ಮ ವಾಹನ ವಿಮೆಯಲ್ಲಿ ರೇಸ್ ಮತ್ತು ವೇಗ ಪರೀಕ್ಷೆಗೆ ರಕ್ಷಣೆ ಇಲ್ಲ, ಟ್ರ್ಯಾಕಿನಲ್ಲಿ ಗೋಡೆಗೆ ಹೊಡೆದರೆ ಖರ್ಚು ನಿಮ್ಮದೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಬದಲಾವಣೆಗೆ ಮಿತಿ ಹಾಕುತ್ತದೆ, ಹಾಗಾಗಿ ಬಿಚ್ಚಿದ ಸ್ಟಾಕ್ ಸ್ಟ್ರಟ್, ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿ.

ವರ್ಕ್‌ಶಾಪಿಗೆ ಹೋದಾಗ "ಹ್ಯಾಂಡ್ಲಿಂಗ್ ಸರಿ ಇಲ್ಲ" ಅಂತ ಸುಮ್ನೆ ಹೇಳಿದರೆ ಅವರೂ ಸುಮ್ನೆ ಒಂದು ಸುತ್ತು ಓಡಿಸಿ ಬಿಲ್ ಕೊಡುತ್ತಾರೆ. ಯಾವ ತಿರುವು, ತಿರುವಿನ ಶುರುವಿನಲ್ಲೋ ಮಧ್ಯದಲ್ಲೋ ಹೊರಬರುವಾಗಲೋ, ಕಾಲು ಬ್ರೇಕ್ ಮೇಲಿತ್ತೋ ಆಕ್ಸಿಲರೇಟರ್ ಮೇಲೋ ಅಂತ ಹೇಳಿ. ಬಿಸಿ ಗಾಳಿಯ ಅಂಕಿ, ನಾಲ್ಕು ಮೂಲೆಯ ಎತ್ತರ, ಕ್ಲಿಕ್ ಎಣಿಕೆ, ಅಲೈನ್‌ಮೆಂಟ್ ಪ್ರಿಂಟ್ ಜೊತೆಗೆ ಕೊಡಿ. ಇಷ್ಟು ಕೊಟ್ಟ ಮೇಲೂ ಕಾರನ್ನು ನೋಡದೆ "ಸ್ಪ್ರಿಂಗ್ ಚೇಂಜ್ ಮಾಡ್ಬೇಕು ಸಾರ್" ಅಂದರೆ ಬೇರೆ ವರ್ಕ್‌ಶಾಪ್ ನೋಡಿಕೊಳ್ಳಿ.